ಲ್ಯಾಂಡ್‌ಲೈನ್ ಉಳಿಸ್ಕೊಳ್ಳೋದಾ, ಫೈಬರ್ ಫೋನಿಗೆ ಹೋಗೋದಾ, ಮೊಬೈಲೊಂದೇ ಸಾಕಾ?

ಊರಲ್ಲಿರೋ ಅಪ್ಪ ಅಮ್ಮನ ಮನೆ ಲ್ಯಾಂಡ್‌ಲೈನ್ ತೆಗೆಸಿ ಫೈಬರ್ ಹಾಕ್ಸೋಣ ಅಂತ ಯೋಚನೆ ಮಾಡ್ತಿರೋರು, ಅಂಗಡಿಗೋ ಕ್ಲಿನಿಕ್ಕಿಗೋ ಹೊಸ ಲೈನ್ ಬೇಕು ಅನ್ನೋರು, ಕೈಯಲ್ಲಿ ಮೊಬೈಲ್ ಇದೆಯಲ್ಲ ಇನ್ಯಾಕೆ ಇದೆಲ್ಲ ಅನ್ನೋರು, ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮನೆ, ಲಾಡ್ಜು, ಸಣ್ಣ ಆಫೀಸುಗಳಿಗೆ ಫೋನ್ ವೈರಿಂಗು, ಇಂಟರ್‌ಕಾಮ್ ಹಾಕೋದು ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ದಿನಾ ಕೇಳ್ತೀನಿ. ಜನ ಸಾಮಾನ್ಯವಾಗಿ ತಿಂಗಳ ಪ್ಲಾನ್ ರೇಟ್ ನೋಡಿ ತೀರ್ಮಾನ ಮಾಡ್ತಾರೆ. ರೇಟು ಕೊನೆಗೆ ನೋಡಿದ್ರೂ ನಡೆಯುತ್ತೆ, ಮೊದಲು ನೋಡ್ಬೇಕಾಗಿರೋದು ಕರೆಂಟ್ ಹೋದಾಗ ಆ ಫೋನಿಗೆ ಕರೆಂಟ್ ಕೊಡೋರು ಯಾರು ಅಂತ, ಆಮೇಲೆ ಆ ನಂಬರ್ ಯಾರ ಹಿಡಿತದಲ್ಲಿರುತ್ತೆ, ಲೈನ್ ಕಟ್ಟಾದ್ರೆ ಬಂದು ಸರಿ ಮಾಡೋರು ಯಾರು ಅಂತ.

ಹಳೇದು, ಡಿಜಿಟಲ್ಲು ಅಂತ ಬೇರೆ ಬೇರೆ ಲೋಕ ಇಲ್ಲ

ಮೊದಲು ಒಂದು ಗೊಂದಲ ಕಳೀಬೇಕು. ಲ್ಯಾಂಡ್‌ಲೈನ್ ಅಂದ್ರೆ ಹಳೇ ಕಾಲದ್ದು, ಫೈಬರ್ರು ವಾಟ್ಸಾಪು ಅಂದ್ರೆ ಡಿಜಿಟಲ್ಲು ಅಂತ ಅಂದ್ಕೊಂಡಿದೀವಲ್ಲ, ಅದು ಅರ್ಧ ಮಾತ್ರ ನಿಜ. ತಾಮ್ರದ ಲೈನ್‌ನಲ್ಲಿ ನಿಮ್ಮ ದನಿ ದನಿಯ ರೂಪದಲ್ಲೇ, ಅಂದ್ರೆ ವಿದ್ಯುತ್ತಿನ ಏರಿಳಿತವಾಗಿ, ಹೋಗೋದು ಮನೆಯಿಂದ ಊರಿನ ಲೈನುಗಳೆಲ್ಲ ಬಂದು ಸೇರೋ ಟೆಲಿಫೋನ್ ಎಕ್ಸ್‌ಚೇಂಜ್ ತನಕ ಮಾತ್ರ, ಕೆಲವೇ ಕಿಲೋಮೀಟರ್. ಎಕ್ಸ್‌ಚೇಂಜ್ ಒಳಗೆ ಹೋದ ತಕ್ಷಣ ಅದನ್ನ ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಗೂ 8 ಬಿಟ್ ಕೊಟ್ಟು, ಒಟ್ಟು ಸೆಕೆಂಡಿಗೆ 64 ಕಿಲೋಬಿಟ್ ಮಾಡಿ ಮುಂದಕ್ಕೆ ಕಳಿಸ್ತಾರೆ. ಇದೇನು ನಿನ್ನೆ ಮೊನ್ನೆ ಬಂದಿದ್ದಲ್ಲ. 1984ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆ ಅಂತಲೇ ತಯಾರು ಮಾಡಿದ 128 ಪೋರ್ಟಿನ ಡಿಜಿಟಲ್ ಎಕ್ಸ್‌ಚೇಂಜು ಮೊದಲು ಬಂದು ಕೂತಿದ್ದೇ ನಮ್ಮ ಬೆಳಗಾವಿ ಜಿಲ್ಲೆ ಕಿತ್ತೂರಲ್ಲಿ, 1986ರಲ್ಲಿ. ಎಸಿ ರೂಮ್ ಬೇಡ, ಧೂಳು ಸೆಕೆ ತಡ್ಕೊಂಡು ಓಡ್ಬೇಕು ಅನ್ನೋದೇ ಅದರ ಉದ್ದೇಶ ಆಗಿತ್ತು, ಓಡ್ತು ಕೂಡ, ಆಮೇಲೆ ದೇಶದ ಮೂಲೆ ಮೂಲೆಗೂ ಹೋಯ್ತು. ನನಗೆ ಈ ವಿಷಯದಲ್ಲಿ ನಿಜಕ್ಕೂ ಹೆಮ್ಮೆ ಇದೆ, ನಮ್ಮ ಹಳ್ಳಿಗಳಿಗೆ ಡಿಜಿಟಲ್ ಫೋನ್ ಬಂದಿದ್ದು ಮೊಬೈಲ್ ಜೊತೆಗಲ್ಲ, ಅದಕ್ಕಿಂತ ಹತ್ತು ವರ್ಷ ಮೊದಲೇ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ಹಳೇ ಪದ್ಧತೀಲಿ ನೀವು ಕಾಲ್ ಮಾಡಿದ್ರೆ ಆ ತುದಿಯಿಂದ ಈ ತುದಿ ತನಕ ಒಂದು ದಾರಿ ನಿಮಗೇ ಅಂತ ಮೀಸಲಾಗುತ್ತೆ, ನೀವು ಸುಮ್ನಿದ್ರೂ ಅದು ನಿಮ್ಮದೇ, ಮದುವೆ ದಿಬ್ಬಣಕ್ಕೆ ಇಡೀ ಬಸ್ ಬುಕ್ ಮಾಡಿದ ಹಾಗೆ. ಇಂಟರ್ನೆಟ್ ಪದ್ಧತೀಲಿ ಮಾತನ್ನ ಸಣ್ಣ ಸಣ್ಣ ತುಂಡು ಮಾಡಿ ಕಳಿಸ್ತಾರೆ, ದಿಬ್ಬಣದವರು ಸಿಕ್ಕ ಸಿಕ್ಕ ಸರ್ವಿಸ್ ಬಸ್ ಹತ್ತಿ ಬಂದ ಹಾಗೆ ಒಂದೊಂದು ತುಂಡೂ ಬಂದು ಸೇರುತ್ತೆ, ತಡವಾಗಿ ಬಂದ ತುಂಡನ್ನ ಬಿಟ್ಟು ಮುಂದೆ ಹೋಗ್ತಾರೆ, ಅದಕ್ಕೇ ಮಾತಿನ ಮಧ್ಯೆ ಪದ ನುಂಗಿದ ಹಾಗೆ ಕೇಳೋದು. ಈಗ ನಮ್ಮ ದೇಶದಲ್ಲಿ ತಾಮ್ರದ ಲೈನ್ ಇಟ್ಕೊಂಡಿರೋ ಎಷ್ಟೋ ಎಕ್ಸ್‌ಚೇಂಜುಗಳೂ ಒಳಗಡೆ ಈ ಎರಡನೇ ಪದ್ಧತಿಗೇ ಬದಲಾಗಿವೆ, ನಿಮ್ಮನೆ ಫೋನು ಮಾತ್ರ ಅದೇ ಹಳೇದು. 4ಜಿ ಮೊಬೈಲಲ್ಲಿ ವೋಲ್ಟಿ ಅಂತ ಬರುತ್ತಲ್ಲ, ಅದೂ ಇದೇ. ಜಿಯೋ 2016ರ ಸೆಪ್ಟೆಂಬರಲ್ಲಿ ಬಂದಾಗ ಅದರ ಹತ್ತಿರ ಹಳೇ ಪದ್ಧತಿಯ ವಾಯ್ಸ್ ನೆಟ್‌ವರ್ಕೇ ಇರ್ಲಿಲ್ಲ, ಪೂರ್ತಿ ವೋಲ್ಟಿ. ಅಂದ್ರೆ ಆಯ್ಕೆ ಮಾಡ್ಬೇಕಾಗಿರೋದು ಡಿಜಿಟಲ್ ಬೇಕಾ ಬೇಡ್ವಾ ಅಂತಲ್ಲ. ಎಲ್ಲಾ ಫೋನೂ ಒಂದಲ್ಲ ಒಂದು ಕಡೆ ಅಲ್ಲಿಗೇ ಹೋಗಿ ಸೇರುತ್ತೆ. ಮನೆಯಿಂದ ಆ ಮೊದಲ ಕಂಬದ ತನಕ, ಮೊದಲ ಪೆಟ್ಟಿಗೆ ತನಕ ಏನಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಕರೆಂಟ್ ಹೋದಾಗ

ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಫೈಬರ್ ಹಾಕ್ಸಿದ ಮೇಲೆ ಬರೋ ದೂರುಗಳಲ್ಲಿ ಇದೇ ಮೊದಲು.

ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಡಿಸಿ ಬರುತ್ತೆ. ಅಲ್ಲಿ ದೊಡ್ಡ ದೊಡ್ಡ ಬ್ಯಾಟರಿ ಸಾಲು, ಜನರೇಟರ್ ಇರುತ್ತೆ, ನಿಮ್ಮೂರಲ್ಲಿ ಮೂರು ದಿನ ಕರೆಂಟ್ ಇಲ್ದಿದ್ರೂ ಎಕ್ಸ್‌ಚೇಂಜಿನವರು ಡೀಸೆಲ್ ಹಾಕ್ತಾ ಇದ್ರೆ ನಿಮ್ಮ ಫೋನಿಗೆ ಡಯಲ್ ಟೋನ್ ಇರುತ್ತೆ. ರಿಂಗ್ ಆಗೋದಕ್ಕೆ ಬೇಕಾದ 75 ವೋಲ್ಟ್ ಆಸುಪಾಸಿನ ಕರೆಂಟೂ ಅಲ್ಲಿಂದಲೇ. ಮಳೆಗಾಲದಲ್ಲಿ ಮಲೆನಾಡಲ್ಲಿ ಇದ್ದವರಿಗೆ ಇದರ ಬೆಲೆ ಹೇಳ್ಕೊಡ್ಬೇಕಾಗಿಲ್ಲ, ಮರ ಬಿದ್ದು ಲೈಟ್ ಕಂಬ ಮುರಿದು ವಾರಗಟ್ಟಲೆ ಕತ್ತಲೆ ಇದ್ದಾಗಲೂ ಮೂಲೇಲಿದ್ದ ಫೋನ್ ರಿಂಗ್ ಆಗ್ತಿತ್ತು. ಒಂದು ಎಚ್ಚರ ಮಾತ್ರ ಬೇಕು, ತಾಮ್ರದ ಲೈನ್ ಇದ್ರೂ ಅದಕ್ಕೆ ಕಾರ್ಡ್‌ಲೆಸ್ ಫೋನ್ ಸಿಗ್ಸಿದ್ರೆ ಅದರ ಬೇಸಿಗೆ ಮನೆ ಕರೆಂಟೇ ಬೇಕು, ಕರೆಂಟ್ ಹೋದ್ರೆ ಫೋನೂ ಸತ್ತ ಹಾಗೆ. ವೈರಿರೋ ಸಾದಾ ಫೋನೊಂದನ್ನ ಪಕ್ಕದಲ್ಲಿಟ್ಕೊಳ್ಳಿ.

ಫೈಬರಲ್ಲಿ ಬರೋದು ಬೆಳಕು. ಬೆಳಕಲ್ಲಿ ನಿಮ್ಮ ಫೋನಿಗೆ ಕರೆಂಟ್ ಕಳ್ಸೋಕೆ ಆಗಲ್ಲ. ಗೋಡೆ ಮೇಲೆ ಹಾಕ್ತಾರಲ್ಲ ಒಂದು ಡಬ್ಬಿ, ಓಎನ್‌ಟಿ ಅಂತಾರೆ, ನಾವೆಲ್ಲ ಮೋಡಮ್ ಅಂತಲೇ ಕರೀತೀವಿ, ಅದು ಬೆಳಕನ್ನ ದನಿ ಮಾಡಿ ಫೋನಿಗೆ ಕೊಡುತ್ತೆ, ರಿಂಗ್ ಮಾಡ್ಸೋದೂ ಅದೇ. ಅದು ನಡೆಯೋದು ನಿಮ್ಮ ಮನೆ ಪ್ಲಗ್ಗಿಂದ. ಹಾಗಾಗಿ ಫೈಬರ್ ಫೋನ್ ಹಾಕ್ಸೋರು ಅದೇ ದಿನ ಅದಕ್ಕೊಂದು ಬ್ಯಾಟರಿ ವ್ಯವಸ್ಥೆ ಮಾಡ್ಬೇಕು, ಇದನ್ನ ಆಮೇಲೆ ನೋಡೋಣ ಅನ್ನಬೇಡಿ. ಮನೇಲಿ ಇನ್ವರ್ಟರ್ ಇದ್ರೆ ಓಎನ್‌ಟಿ ಇಡೋ ಜಾಗದ ಪ್ಲಗ್ ಪಾಯಿಂಟನ್ನ ಇನ್ವರ್ಟರ್ ಲೈನಿಗೆ ಹಾಕ್ಸಿ, ಅದು ತಿನ್ನೋದು ಹತ್ತು ವ್ಯಾಟ್ ಆಸುಪಾಸು, ಇನ್ವರ್ಟರಿಗೆ ಅದೊಂದು ಲೆಕ್ಕವೇ ಅಲ್ಲ. ಇನ್ವರ್ಟರ್ ಇಲ್ಲ ಅಂದ್ರೆ ರೂಟರಿಗೆ ಅಂತಲೇ ಬರೋ ಮಿನಿ ಯುಪಿಎಸ್ ಸಿಗುತ್ತೆ, ಸಾವಿರದಿಂದ ಎರಡು ಸಾವಿರ ರೂಪಾಯಿ ಒಳಗೆ, ಮೂರ್ನಾಲ್ಕು ಗಂಟೆ ಎಳೆಯುತ್ತೆ. ತರೋಕೆ ಮುಂಚೆ ಓಎನ್‌ಟಿ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಎಷ್ಟು ಆಂಪಿಯರ್ ಅಂತ ಬರೆದಿರುತ್ತೆ ಅದನ್ನ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಹೋಗಿ, ಹೆಚ್ಚಿನವು 12 ವೋಲ್ಟ್ ಆದ್ರೂ ಎಲ್ಲವೂ ಅಲ್ಲ. ಓಎನ್‌ಟಿ ಬೇರೆ, ವೈಫೈ ರೂಟರ್ ಬೇರೆ ಇದ್ರೆ ಎರಡಕ್ಕೂ ಕರೆಂಟ್ ಬೇಕು ಅನ್ನೋದು ನೆನಪಿರ್ಲಿ, ಫೋನ್ ಮಾತ್ರ ಸಾಕು ಅಂದ್ರೆ ಫೋನ್ ಪಿನ್ನಿರೋ ಡಬ್ಬಿಗೆ ಕೊಟ್ರೆ ಆಯ್ತು.

ಇಷ್ಟಕ್ಕೆ ಮುಗೀಲಿಲ್ಲ. ನಿಮ್ಮನೆ ಓಎನ್‌ಟಿ ಉರೀತಿದ್ರೂ ಆ ಫೈಬರ್ ಹೋಗಿ ಸೇರೋ ಕಡೆ ಕರೆಂಟ್ ಇರ್ಬೇಕು. ಮಧ್ಯದಲ್ಲಿ ಕಂಬದ ಮೇಲಿರೋ ಸ್ಪ್ಲಿಟರ್ ಡಬ್ಬಿಗೆ ಕರೆಂಟ್ ಬೇಡ, ಅದು ಬೆಳಕನ್ನ ಹಂಚುತ್ತೆ ಅಷ್ಟೆ, ಆದ್ರೆ ಆ ತುದೀಲಿರೋ ಮೆಷಿನ್ ಒಂದು ಕಡೆ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡದಲ್ಲಿರುತ್ತೆ, ಇನ್ನೊಂದು ಕಡೆ ಲೋಕಲ್ ಕೇಬಲಿನವರ ಅಂಗಡಿ ಹಿಂದಿನ ರೂಮಲ್ಲಿರುತ್ತೆ. ಎಕ್ಸ್‌ಚೇಂಜಿನದ್ದಾದ್ರೆ ಬ್ಯಾಟರಿ ಗಟ್ಟಿ. ಕೇಬಲಿನವರದ್ದಾದ್ರೆ ಅವರ ಹತ್ತಿರ ಎಷ್ಟು ಬ್ಯಾಕಪ್ ಇದೆ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿ, ಕೇಳೋದ್ರಲ್ಲಿ ಸಂಕೋಚ ಬೇಡ, ಪಕ್ಕದ ಮನೆಯವರು ಅದೇ ಲೈನ್ ಇಟ್ಕೊಂಡಿದ್ರೆ ಕಳೆದ ಮಳೆಗಾಲದಲ್ಲಿ ಹೇಗಿತ್ತು ಅಂತ ಅವರನ್ನೂ ವಿಚಾರಿಸಿ.

ಮೊಬೈಲ್ ಟವರಿಗೂ ಇದೇ ಕಥೆ, ಟವರ್ ಬ್ಯಾಟರಿ ಕೆಲವು ಗಂಟೆ, ಆಮೇಲೆ ಡೀಸೆಲ್ ಇದ್ರೆ ಉಂಟು ಇಲ್ದಿದ್ರೆ ಇಲ್ಲ. ಕರೆಂಟ್ ಹೋದ ಎರಡನೇ ದಿನ ಊರಿಗೆ ಊರೇ ಸಿಗ್ನಲ್ ಇಲ್ದೆ ಕೂರೋದು ಇದಕ್ಕೇ.

ಇಂಗ್ಲೆಂಡಲ್ಲಿ ಇರೋ ನಮ್ಮವರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮಗೆ ಇದು ಆಯ್ಕೆಯ ಪ್ರಶ್ನೆಯೇ ಅಲ್ಲ. ಅಲ್ಲಿ ಹಳೇ ತಾಮ್ರದ ಫೋನ್ ನೆಟ್‌ವರ್ಕನ್ನ 2027ರ ಜನವರಿ ಒಳಗೆ ಪೂರ್ತಿ ನಿಲ್ಲಿಸ್ತಾರೆ, ಮೊದಲು 2025ರ ಕೊನೆ ಅಂತಿತ್ತು, ವಯಸ್ಸಾದವರ ಮನೇಲಿ ಕುತ್ತಿಗೆಗೆ ಹಾಕ್ಕೊಂಡಿರೋ ಎಮರ್ಜೆನ್ಸಿ ಗುಂಡಿಗಳು ಹಳೇ ಲೈನನ್ನೇ ನಂಬಿದ್ದವು ಅನ್ನೋದು ದೊಡ್ಡ ಚಿಂತೆಯಾಗಿ ಮುಂದಕ್ಕೆ ಹಾಕಿದ್ರು. ಅಲ್ಲಿನ ನಿಯಮ ಏನಂದ್ರೆ ಮನೇಲಿ ಮೊಬೈಲ್ ಸಿಗ್ನಲ್ ಇಲ್ದೆ ಲ್ಯಾಂಡ್‌ಲೈನನ್ನೇ ನಂಬಿರೋರಿಗೆ ಕರೆಂಟ್ ಹೋದ್ಮೇಲೂ ಕನಿಷ್ಠ ಒಂದು ಗಂಟೆ ಎಮರ್ಜೆನ್ಸಿ ನಂಬರ್ 999ಕ್ಕೆ ಕಾಲ್ ಹೋಗೋ ಹಾಗೆ ಕಂಪನಿಯೇ ವ್ಯವಸ್ಥೆ ಮಾಡ್ಬೇಕು. ನಿಮ್ಮನೇಲಿ ಅಜ್ಜ ಅಜ್ಜಿ ಇದ್ರೆ ಆ ಬ್ಯಾಟರಿ ಕೇಳಿ ಪಡ್ಕೊಳ್ಳಿ. ನಮ್ಮಲ್ಲಿ ಬ್ಯಾಟರಿ ನಾವೇ ತರ್ಬೇಕು.

ತಾಮ್ರದ ಲೈನ್ ಈಗಲೂ ಯಾರಿಗೆ ಸರಿ

ನೇರವಾಗಿ ಹೇಳ್ತೀನಿ, ನಿಮ್ಮ ಲೈನ್ ಈಗ ಸರಿಯಾಗಿ ಕೆಲಸ ಮಾಡ್ತಿದ್ದು ಮನೇಲಿ ವಯಸ್ಸಾದವರಿದ್ರೆ ಫೈಬರ್ ಬಂದು ಎರಡು ಮಳೆ ನೋಡೋ ತನಕ ಅದನ್ನ ತೆಗೆಸ್ಬೇಡಿ. ಹೊಸದಾಗಿ ತಾಮ್ರದ ಲೈನ್ ಕೇಳಿದ್ರೆ ಬಹಳ ಕಡೆ ಕೊಡೋದೇ ಇಲ್ಲ, ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ ಅನ್ಕೊಂಡೇ ಯೋಚನೆ ಮಾಡಿ.

ಆದ್ರೆ ಅದರ ಕಷ್ಟಾನೂ ಹೇಳ್ಬೇಕಲ್ಲ. ಬೀದೀಲಿ ಲೈನನ್ನ ಮನೆಮನೆಗೆ ಹಂಚೋ ಡಿಪಿ ಬಾಕ್ಸಲ್ಲಿ ನೀರು ಹೋದ್ರೆ ಗೊರಗೊರ ಸೌಂಡು, ರಸ್ತೆ ಅಗೆದ್ರೆ ಕೇಬಲ್ ಕಟ್ಟು, ತಾಮ್ರಕ್ಕೆ ರೇಟ್ ಇರೋದ್ರಿಂದ ಕಳ್ಳತನ ಬೇರೆ, ಸಿಡಿಲು ಬಂದ್ರೆ ತಂತಿ ಹಿಡ್ಕೊಂಡು ಮನೆ ಒಳಗೇ ಬರುತ್ತೆ. ಮೊದಲಾದ್ರೆ ಲೈನ್‌ಮ್ಯಾನ್ ಸೈಕಲಲ್ಲಿ ಬಂದು ಎರಡು ತಂತಿ ತಿರುಚಿ ಟೇಪ್ ಸುತ್ತಿ ಹೋಗ್ತಿದ್ರು, ಯಾರ ಮನೆ ಲೈನ್ ಯಾವ ಮರದ ಹತ್ತಿರ ಜಾಯಿಂಟ್ ಆಗಿದೆ ಅಂತ ಅವರ ತಲೇಲಿ ನಕ್ಷೆ ಇರ್ತಿತ್ತು. 2020ರ ಜನವರಿ ಕೊನೆಗೆ ಬಿಎಸ್ಎನ್ಎಲ್‌ನಿಂದ ದೇಶಾದ್ಯಂತ 78,000ಕ್ಕೂ ಹೆಚ್ಚು ಜನ ಒಟ್ಟಿಗೆ ಸ್ವಯಂ ನಿವೃತ್ತಿ ತಗೊಂಡ್ರು, ಆ ಅನುಭವವೂ ಅವರ ಜೊತೆ ಹೋಯ್ತು. ಹಾಗಾಗಿ ನಿಮ್ಮೂರಲ್ಲಿ ತಾಮ್ರದ ಲೈನ್ ರಿಪೇರಿ ಮಾಡೋರು ಈಗ ಇದಾರಾ ಅನ್ನೋದು ಮುಖ್ಯ ಪ್ರಶ್ನೆ. ಇದಾರೆ, ಬರ್ತಾರೆ ಅಂದ್ರೆ ಇಟ್ಕೊಳ್ಳಿ. ತಿಂಗಳುಗಟ್ಟಲೆ ಡೆಡ್ ಇದ್ದು ಬಾಡಿಗೆ ಮಾತ್ರ ಕಟ್ತಿದೀವಿ ಅನ್ನೋ ಹಾಗಿದ್ರೆ ಆ ಲೈನಿಂದ ಕಷ್ಟಕಾಲಕ್ಕೆ ಏನೂ ಉಪಯೋಗ ಇಲ್ಲ, ಬಿಡೋದೇ ಸರಿ.

ಫೈಬರ್ ಲ್ಯಾಂಡ್‌ಲೈನ್

ಓಎನ್‌ಟಿ ಹಿಂದುಗಡೆ ಇಂಟರ್ನೆಟ್ ಪಿನ್‌ಗಳ ಪಕ್ಕ ಸ್ವಲ್ಪ ಚಿಕ್ಕ ಪಿನ್ ಒಂದು ಇರುತ್ತೆ, ಅದಕ್ಕೆ ನಿಮ್ಮ ಹಳೇ ಫೋನನ್ನೇ ಸಿಗ್ಸಬಹುದು, ಹೊಸ ಫೋನ್ ಬೇಕಾಗಿಲ್ಲ. ಗುಂಡಿ ಒತ್ತೋ ಫೋನಾದ್ರೆ ತೊಂದರೆ ಇಲ್ಲ. ಬೆಂಗಳೂರಿನ ದೂರವಾಣಿನಗರದ ಐಟಿಐ ಫ್ಯಾಕ್ಟ್ರಿಯ ತಿರುಗಿಸೋ ಡಯಲ್ ಫೋನು ಕೆಲವರು ಪ್ರೀತಿಯಿಂದ ಇನ್ನೂ ಇಟ್ಕೊಂಡಿದಾರೆ, ಅಂಥವಕ್ಕೆ ರಿಂಗ್ ಬಂದು ಮಾತಾಡೋಕೆ ಆದ್ರೂ ಅದರಿಂದ ನಂಬರ್ ತಿರುಗಿಸಿದ್ರೆ ಬಹಳಷ್ಟು ಓಎನ್‌ಟಿಗೆ ಅರ್ಥ ಆಗಲ್ಲ.

ವಾಟ್ಸಾಪ್ ಕಾಲೂ ಇದೇ ಫೈಬರಲ್ಲೇ ಹೋಗುತ್ತಲ್ಲ, ಹಾಗಾದ್ರೆ ಈ ಲ್ಯಾಂಡ್‌ಲೈನ್ ಪಿನ್ ಯಾಕೆ ಅಂತ ಕೇಳ್ತಾರೆ. ಒಳ್ಳೆ ಪ್ರಶ್ನೆ. ಕಂಪನಿ ಕೊಡೋ ಫೋನಿನ ಮಾತು ಫೈಬರ್ ಒಳಗೆ ಇಂಟರ್ನೆಟ್ಟಿಂದ ಬೇರೆಯಾದ ದಾರೀಲಿ, ಮೊದಲ ಆದ್ಯತೆ ಮೇಲೆ ಹೋಗುತ್ತೆ. ಮಗ ದೊಡ್ಡ ಫೈಲ್ ಡೌನ್‌ಲೋಡ್ ಹಾಕಿ, ಮಗಳು ಆನ್‌ಲೈನ್ ಕ್ಲಾಸಲ್ಲಿ ಕೂತು, ಹಾಲಲ್ಲಿ ಟಿವಿ ಓಡ್ತಿದ್ರೂ ಫೋನಿನ ಮಾತು ಕಡಿಯಲ್ಲ. ಒಂದು ಕಾಲಿಗೆ ಬೇಕಾಗಿರೋದೇ ಸೆಕೆಂಡಿಗೆ 100 ಕಿಲೋಬಿಟ್ ಒಳಗೆ, 64 ಮಾತಿಗೆ, ಉಳಿದದ್ದು ತುಂಡುಗಳ ಮೇಲೆ ವಿಳಾಸ ಬರೆಯೋಕೆ. ಅಂದ್ರೆ ಸ್ಪೀಡ್ ಯಾವತ್ತೂ ಸಾಕು, ಬೇಕಾಗಿರೋದು ತಡ ಆಗದೇ ಇರೋದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪೋಕೆ 150 ಮಿಲಿಸೆಕೆಂಡ್ ಒಳಗಿದ್ರೆ ಗೊತ್ತೇ ಆಗಲ್ಲ, ಅದಕ್ಕಿಂತ ಬಹಳ ಜಾಸ್ತಿ ಆದ್ರೆ ಇಬ್ರೂ ಒಟ್ಟಿಗೆ ಮಾತು ಶುರು ಮಾಡಿ ಇಬ್ರೂ ಒಟ್ಟಿಗೆ ನಿಲ್ಲಿಸೋದು ಶುರುವಾಗುತ್ತೆ. ವಾಟ್ಸಾಪಿಗೆ ಆ ಆದ್ಯತೆ ಇಲ್ಲ, ಎಲ್ಲರ ಜೊತೆ ಅದೂ ಸಾಲಲ್ಲಿ ನಿಲ್ಬೇಕು.

ರಿಪೇರಿ ವಿಷಯಕ್ಕೆ ಬಂದ್ರೆ ಫೈಬರ್ ಕಟ್ಟಾದ್ರೆ ಕೈಯಲ್ಲಿ ತಿರುಚಿ ಜಾಯಿಂಟ್ ಮಾಡೋಕಾಗಲ್ಲ, ಗಾಜಿನ ಎಳೆ ಬೆಸೆಯೋ ಸ್ಪ್ಲೈಸಿಂಗ್ ಮೆಷಿನ್ ಇರೋ ಹುಡುಗರೇ ಬರ್ಬೇಕು. ತೋಟದ ಮಧ್ಯೆ ಅಡಿಕೆ ಮರದಿಂದ ಮರಕ್ಕೆ ಕಟ್ಕೊಂಡು ಬಂದಿರೋ ಲೈನ್ ಆದ್ರೆ ಗೊನೆ ಬಿದ್ರೂ ಕಟ್ಟು, ಮಂಗ ಜೋತಾಡಿದ್ರೂ ಕಟ್ಟು. ಹಾಕ್ಸುವಾಗಲೇ ಒಂದಷ್ಟು ಮೀಟರ್ ಹೆಚ್ಚಿನ ಕೇಬಲ್ ಸುತ್ತಿ ಇಡ್ಸಿ, ಕಟ್ಟಾದಾಗ ಎಳ್ಕೊಳ್ಳೋಕೆ ಬರುತ್ತೆ. ಸಿಡಿಲಿನ ವಿಷಯದಲ್ಲಿ ಮಾತ್ರ ಫೈಬರ್ ಮೇಲು, ಗಾಜಿನ ಎಳೇಲಿ ಕರೆಂಟ್ ಹರಿಯಲ್ಲ. ಆದ್ರೆ ಕೇಬಲ್ ಜೊತೆ ಆಧಾರಕ್ಕೆ ಉಕ್ಕಿನ ತಂತಿ ಇದ್ರೆ ಅದನ್ನ ಹೊರಗಡೆ ಗೋಡೇಲೇ ಕತ್ತರಿಸಿ ನಿಲ್ಸೋಕೆ ಹೇಳಿ, ಒಳಗೆ ತರೋದು ಬೇಡ.

ಸಿಗ್ನಲ್ ಇಲ್ಲದ ಮನೆಗೆ ವೈಫೈ ಕಾಲಿಂಗ್

ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕೋ ಊರಿನವರಿಗೆ, ಬೆಂಗಳೂರಲ್ಲಿ ಬೇಸ್‌ಮೆಂಟ್ ಮನೇಲಿ ಅಥವಾ ನಾಲ್ಕು ಕಡೆ ಕಟ್ಟಡ ಎದ್ದು ನಿಂತ ಗಲ್ಲೀಲಿ ಇರೋರಿಗೆ ಇದು ನಿಜವಾಗ್ಲೂ ದೊಡ್ಡ ಉಪಕಾರ, ಎಷ್ಟೋ ಜನ ಫೋನಲ್ಲಿ ಇದ್ದೂ ಆನ್ ಮಾಡ್ಕೊಂಡಿಲ್ಲ. ಮೊಬೈಲ್ ಸೆಟ್ಟಿಂಗ್ಸಲ್ಲಿ ವೈಫೈ ಕಾಲಿಂಗ್ ಅಂತ ಇರುತ್ತೆ, ಆನ್ ಮಾಡಿದ್ರೆ ಟವರ್ ಬದಲು ಮನೆ ವೈಫೈ ಮೂಲಕ ನಿಮ್ಮ ಮಾಮೂಲಿ ನಂಬರಿಂದಲೇ ಕಾಲ್ ಹೋಗುತ್ತೆ ಬರುತ್ತೆ, ಆಪ್ ಬೇಡ, ಆ ಕಡೆಯವರಿಗೆ ಏನೂ ಗೊತ್ತಾಗಲ್ಲ, ಅವರದ್ದು ಕೀಪ್ಯಾಡ್ ಫೋನಾದ್ರೂ ಆಗುತ್ತೆ. ಏರ್‌ಟೆಲ್ 2019ರ ಡಿಸೆಂಬರಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನ ಶುರು ಮಾಡಿದ್ವು. ವೈಫೈ ಯಾವ ಕಂಪನಿದಾದ್ರೂ ಪರವಾಗಿಲ್ಲ, ಸಿಮ್ ಕಂಪನಿ ಒಪ್ಬೇಕು, ಹ್ಯಾಂಡ್‌ಸೆಟ್ ಒಪ್ಬೇಕು. ತೀರಾ ಕಡಿಮೆ ಬೆಲೆಯ ಹಳೇ ಹ್ಯಾಂಡ್‌ಸೆಟ್ಟುಗಳಲ್ಲಿ ಇರಲ್ಲ, ತಗೊಳ್ಳೋಕೆ ಮುಂಚೆ ನೋಡಿ. ಬ್ಯಾಂಕ್ ಓಟಿಪಿ ಮೆಸೇಜೂ ಇದರ ಮೇಲೆ ಬರುತ್ತಾ ಅನ್ನೋದನ್ನ ಅವಸರ ಇಲ್ಲದ ದಿನ ಒಂದ್ಸಲ ಪರೀಕ್ಷೆ ಮಾಡ್ಕೊಳ್ಳಿ, ದುಡ್ಡು ಕಟ್ಟೋ ಗಡಿಬಿಡೀಲಿ ಅಲ್ಲ.

ನನ್ನ ಪ್ರಕಾರ ಸಿಗ್ನಲ್ ಇಲ್ಲದ ಹಳ್ಳಿ ಮನೆಗೆ ಈಗ ಸಿಗೋದ್ರಲ್ಲಿ ಒಳ್ಳೆ ಜೋಡಿ ಇದೇ, ಫೈಬರ್ ಲೈನ್, ಅದರ ಪಿನ್ನಿಗೆ ಒಂದು ವೈರಿನ ಫೋನ್, ಮನೆಯವರ ಮೊಬೈಲಿಗೆ ವೈಫೈ ಕಾಲಿಂಗ್, ಎಲ್ಲಕ್ಕೂ ಇನ್ವರ್ಟರ್. ಇಲ್ಲಿ ಕೈಕೊಡೋದು ಒಂದೇ, ಫೈಬರ್ ಕಟ್ಟಾದ್ರೆ ಫೋನು, ಮೊಬೈಲು, ಇಂಟರ್ನೆಟ್ಟು ಮೂರೂ ಒಟ್ಟಿಗೆ ಹೋಗುತ್ತೆ. ಅದಕ್ಕೇ ತಾಮ್ರದ ಲೈನ್ ಜೀವ ಇದ್ರೆ ಉಳಿಸ್ಕೊಳ್ಳಿ ಅಂದಿದ್ದು.

ದನಿಯ ಗುಣಮಟ್ಟ

ಹಳೇ ಲೈನ್ ದನಿ ಕ್ಲಿಯರ್ ಅಂತ ನಾವೆಲ್ಲ ಹೇಳ್ತೀವಿ, ಮಾತು ಕಡಿಯಲ್ಲ ಅನ್ನೋ ಅರ್ಥದಲ್ಲಿ ಅದು ನಿಜ. ಆದ್ರೆ ಲ್ಯಾಂಡ್‌ಲೈನ್ ಕಳಿಸೋದು 300ರಿಂದ 3,400 ಹರ್ಟ್ಜ್ ತನಕದ ದನಿ ಮಾತ್ರ, ಮನುಷ್ಯನ ಮಾತಿನ ಎಷ್ಟೋ ಭಾಗ ಅದಕ್ಕಿಂತ ಮೇಲಿರುತ್ತೆ. ಸ, ಶ, ಫ ಇಂಥ ಉಸಿರಿನ ಅಕ್ಷರಗಳು ಫೋನಲ್ಲಿ ಒಂದರ ಹಾಗೆ ಇನ್ನೊಂದು ಕೇಳೋದು ಅದಕ್ಕೇ. ವೋಲ್ಟಿಯಲ್ಲಿ ಎಚ್‌ಡಿ ವಾಯ್ಸ್ ಅನ್ನೋದು 7,000 ಹರ್ಟ್ಜ್ ತನಕ ಕಳಿಸುತ್ತೆ. ಕಿವಿ ಸ್ವಲ್ಪ ಮಂದ ಇರೋ ಹಿರಿಯರಿಗೆ ಈ ವ್ಯತ್ಯಾಸ ಬಹಳ ದೊಡ್ಡದು, ವಾಲ್ಯೂಮ್ ಜಾಸ್ತಿ ಮಾಡೋದಕ್ಕಿಂತ ಇದು ಹೆಚ್ಚು ಸಹಾಯ ಮಾಡುತ್ತೆ. ಎರಡೂ ಕಡೆ ಎಚ್‌ಡಿ ಇದ್ರೆ ಮಾತ್ರ ಆ ಲಾಭ, ಒಂದು ಕಡೆ ಹಳೇ ಲ್ಯಾಂಡ್‌ಲೈನ್ ಇದ್ರೆ ಪೂರ್ತಿ ಕಾಲೇ ಅದರ ಮಟ್ಟಕ್ಕೆ ಇಳಿಯುತ್ತೆ.

ನಂಬರ್ ಯಾರದ್ದು, ಯಾರಿಗೆ ಕಾಲ್ ಹೋಗುತ್ತೆ

ಮೊಬೈಲ್ ನಂಬರನ್ನ 2011ರ ಜನವರಿಯಿಂದ ದೇಶ ಪೂರ್ತಿ ಕಂಪನಿಯಿಂದ ಕಂಪನಿಗೆ ತಗೊಂಡು ಹೋಗಬಹುದು. ಲ್ಯಾಂಡ್‌ಲೈನ್ ನಂಬರಿಗೆ ನಮ್ಮಲ್ಲಿ ಆ ಸೌಲಭ್ಯ ಇಲ್ಲ. ಮೂವತ್ತು ವರ್ಷದಿಂದ ಅಂಗಡಿ ಬೋರ್ಡ್ ಮೇಲೆ ಬರೆಸಿರೋ 0821ನೋ 0836ನೋ ನಂಬರು ಬೇಕೇ ಬೇಕು ಅಂದ್ರೆ ಅದೇ ಕಂಪನಿಯ ಫೈಬರಿಗೆ ಬದಲಾಯಿಸ್ಕೊಳ್ಳಿ, ಬಿಎಸ್ಎನ್ಎಲ್‌ನಲ್ಲಿ ತಾಮ್ರದಿಂದ ಫೈಬರಿಗೆ ಹೋಗುವಾಗ ಹಳೇ ನಂಬರನ್ನೇ ಉಳಿಸ್ಕೊಳ್ಳೋ ದಾರಿ ಇದೆ, ಅರ್ಜಿ ಕೊಡುವಾಗಲೇ ಬಾಯ್ಬಿಟ್ಟು ಹೇಳಿ ಬರೆಸಿ. ಬೇರೆ ಕಂಪನಿಗೆ ಹೋದ್ರೆ ಹೊಸ ನಂಬರ್ರೇ.

ಆಪ್‌ಗಳ ವಿಷಯ ಇನ್ನೂ ಬೇರೆ. ವಾಟ್ಸಾಪಿಂದ ಲ್ಯಾಂಡ್‌ಲೈನಿಗೆ ಕಾಲ್ ಹೋಗಲ್ಲ, 112ಕ್ಕೂ ಹೋಗಲ್ಲ, 108ಕ್ಕೂ ಹೋಗಲ್ಲ. ಆ ಕಡೆಯವರ ಫೋನಲ್ಲೂ ಅದೇ ಆಪ್ ಇರ್ಬೇಕು, ಡೇಟಾ ಆನ್ ಇರ್ಬೇಕು. ಮತ್ತೆ ಆಪ್ ಅನ್ನೋದು ಒಂದು ಕಂಪನಿ ತೀರ್ಮಾನದ ಮೇಲೆ ನಿಂತಿರುತ್ತೆ. 2003ರಲ್ಲಿ ಬಂದ ಸ್ಕೈಪನ್ನ ನಂಬ್ಕೊಂಡು ಎಷ್ಟೋ ವಿದೇಶದ ಕನ್ನಡಿಗರು ಊರಿನ ಲ್ಯಾಂಡ್‌ಲೈನಿಗೆ ದುಡ್ಡು ಹಾಕಿ ಕಾಲ್ ಮಾಡ್ತಿದ್ರು, 2025ರ ಮೇ ತಿಂಗಳಲ್ಲಿ ಅದನ್ನ ಮುಚ್ಚೇ ಬಿಟ್ರು. ಆಪಿಂದ ಮಾಮೂಲಿ ಫೋನ್ ನಂಬರುಗಳಿಗೆ ಕಾಲ್ ಮಾಡೋ ಇಂಟರ್ನೆಟ್ ಟೆಲಿಫೋನಿಗೆ ನಮ್ಮ ದೇಶದಲ್ಲಿ ಪೂರ್ತಿ ದಾರಿ ಬಿಟ್ಟಿದ್ದು 2018ರಲ್ಲಿ, ಅದೇ ವರ್ಷ ಬಿಎಸ್ಎನ್ಎಲ್ ವಿಂಗ್ಸ್ ಅನ್ನೋ ಸೇವೆ ವರ್ಷಕ್ಕೆ 1,099 ರೂಪಾಯಿಗೆ ತಂತು. ಫೈಬರ್ ಲ್ಯಾಂಡ್‌ಲೈನ್ ಇದ್ದವರಿಗೆ ಅದೇ ನಂಬರನ್ನ ಮೊಬೈಲಲ್ಲಿ ಬಳಸೋ ಆಪೂ ಕೆಲವು ಕಂಪನಿ ಕೊಡ್ತವೆ, ಜಿಯೋಜಾಯ್ನ್ (ಮೊದಲು ಜಿಯೋಕಾಲ್ ಅಂತಿತ್ತು) ಅಂಥದ್ದು. ಫೋನ್ ಸೆಟ್ ತರದೇನೇ ಲ್ಯಾಂಡ್‌ಲೈನ್ ಬಳಸೋಕೆ ಚೆನ್ನಾಗಿದೆ, ಆದ್ರೆ ವಯಸ್ಸಾದವರಿಗೆ ನಾನು ಹೇಳಲ್ಲ, ಅವರಿಗೆ ಎತ್ತಿ ಕಿವಿಗಿಟ್ಕೊಳ್ಳೋ ಫೋನೇ ಇರ್ಲಿ.

ಗಲ್ಫಲ್ಲಿರೋ ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ಇದು ದಿನದ ತಲೆನೋವು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕಾಲ್ ಹೋಗಲ್ಲ, ಅಲ್ಲಿನ ಸರ್ಕಾರ ಒಪ್ಪಿರೋ ಬೋಟಿಮ್ ಥರದ ಆಪಲ್ಲೇ ಮಾತಾಡ್ಬೇಕು, ಅದು ಊರಲ್ಲಿ ಅಮ್ಮನ ಫೋನಲ್ಲೂ ಇರ್ಬೇಕು. ಸೌದಿಯಲ್ಲಿ 2017ರಲ್ಲಿ ಅಲ್ಲಿನ ನಿಯಮ ಪಾಲಿಸೋ ಆಪ್ಗಳಿಗೆ ಇಂಟರ್ನೆಟ್ ಕಾಲಿನ ನಿರ್ಬಂಧ ತೆಗೆದ್ರು. ಹಾಗಾಗಿ ದುಬೈಯಲ್ಲಿ ಮಗ ಇರೋ ಮನೇಲಿ ಲ್ಯಾಂಡ್‌ಲೈನ್ ಇರೋದಕ್ಕೆ ಈಗಲೂ ಅರ್ಥ ಇದೆ, ಆಪ್ ಕೈಕೊಟ್ಟ ದಿನ ದುಡ್ಡು ಕೊಟ್ಟಾದ್ರೂ ನೇರ ಕಾಲ್ ಮಾಡಬಹುದು. ಹೊರದೇಶದಿಂದ ಹೊಡೆಯುವಾಗ +91 ಆದ್ಮೇಲೆ ಎಸ್‌ಟಿಡಿ ಕೋಡಿನ ಮುಂದಿನ ಸೊನ್ನೆ ಬಿಡ್ಬೇಕು, ಮಂಗಳೂರಿನ 0824 ಆದ್ರೆ +91 824 ಅಂತ. ಊರಿನ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡುವಾಗ ಮಾತ್ರ 2021ರ ಜನವರಿ 15ರಿಂದ ನಂಬರ್ ಮುಂದೆ ಸೊನ್ನೆ ಹಾಕ್ಲೇಬೇಕು. ಅಮ್ಮನ ಫೋನ್ ಪಕ್ಕದ ಗೋಡೇಲಿ ಬರೆದಿಟ್ಟ ನಂಬರುಗಳಿಗೆ ಸೊನ್ನೆ ಸೇರಿಸಿದೀರಾ ಅಂತ ನೋಡಿ, ಇಷ್ಟು ವರ್ಷ ಆದ್ರೂ ಎಷ್ಟೋ ಮನೇಲಿ ಸೇರಿಸಿಲ್ಲ.

ಅಂಗಡಿ, ಕ್ಲಿನಿಕ್, ಲಾಡ್ಜ್

ಒಂದೇ ಲೈನ್ ಸಾಕು ಅನ್ನೋ ಸಣ್ಣ ಅಂಗಡಿಗೆ ಫೈಬರ್ ಲ್ಯಾಂಡ್‌ಲೈನ್ ಸಾಕು, ಜಾಸ್ತಿ ತಲೆ ಕೆಡಿಸ್ಕೊಳ್ಳಬೇಡಿ.

ಲಾಡ್ಜು, ಕಲ್ಯಾಣ ಮಂಟಪ, ನರ್ಸಿಂಗ್ ಹೋಮಲ್ಲಿ ಒಳಗಿನ ಫೋನುಗಳನ್ನೆಲ್ಲ ಜೋಡಿಸೋ ಮೆಷಿನ್, ಇಪಿಎಬಿಎಕ್ಸ್, ಈಗಾಗಲೇ ಇರುತ್ತೆ. ಅದನ್ನ ಬಿಸಾಕ್ಬೇಕಾಗಿಲ್ಲ, ರೂಮಿಂದ ರೂಮಿಗೆ ಅದೇ ವೈರಿಂಗಲ್ಲಿ ಓಡ್ಲಿ, ಹೊರಗಿನ ಲೈನ್ ಮಾತ್ರ ಫೈಬರ್ ಪಿನ್ನಿಂದ ಕೊಡಬಹುದು. ಮೊದಲು ದೊಡ್ಡ ಆಫೀಸಿಗೆ ಪಿಆರ್‌ಐ ಲೈನ್ ಹಾಕ್ತಿದ್ರು, 2 ಎಂಬಿಪಿಎಸ್ ಲೈನಲ್ಲಿ ಒಟ್ಟಿಗೆ 30 ಕಾಲ್, ಬೇಕಿರೋದು ಹತ್ತೇ ಆದ್ರೂ ಮೂವತ್ತರ ಲೈನ್ ಎಳೀಬೇಕಿತ್ತು. ಈಗ ಅದರ ಜಾಗಕ್ಕೆ ಸಿಪ್ ಟ್ರಂಕ್ ಬಂದಿದೆ, ಅಂದ್ರೆ ಇಂಟರ್ನೆಟ್ ಪದ್ಧತೀಲಿ ಬರೋ ಲೈನು, ಒಟ್ಟಿಗೆ ಎಷ್ಟು ಕಾಲ್ ಬೇಕೋ ಅಷ್ಟು ಚಾನೆಲ್. ಯಾವುದೇ ಲೈನ್ ಇಲ್ದೆ ಒಂದು ನಂಬರಿಗೆ ಬಂದ ಕಾಲನ್ನ ಮೂರು ಹುಡುಗರ ಮೊಬೈಲಿಗೆ ಹಂಚೋ ಕ್ಲೌಡ್ ಸೇವೆಯೂ ಇದೆ, ಬೆಂಗಳೂರಿನ ಎಕ್ಸೊಟೆಲ್ ಇದೇ ಕೆಲಸದ ಕಂಪನಿ. ಡೆಲಿವರಿ ಜಾಸ್ತಿ ಇರೋರಿಗೆ, ಆಫೀಸಲ್ಲಿ ಯಾರೂ ಕೂರದ ಸಣ್ಣ ಬಿಸಿನೆಸ್ಸಿಗೆ ಇದು ಒಳ್ಳೇದು.

ಸಿಪ್ ಹಾಕ್ಸೋರಿಗೆ ಎರಡು ಮಾತು ಒತ್ತಿ ಹೇಳ್ತೀನಿ. ಎಕ್ಸ್‌ಟೆನ್ಷನ್ ಪಾಸ್‌ವರ್ಡ್ 1234 ಅಂತ ಬಿಟ್ರೆ ರಾತ್ರೋರಾತ್ರಿ ಹೊರಗಿನವರು ನುಗ್ಗಿ ನಿಮ್ಮ ಲೈನಿಂದ ಐಎಸ್‌ಡಿ ಕಾಲ್ ಮಾಡಿ ಬಿಲ್ಲು ಏರಿಸ್ತಾರೆ, ಬೇಡದಿದ್ರೆ ಐಎಸ್‌ಡಿ ಮೊದಲ ದಿನವೇ ಬಂದ್ ಮಾಡ್ಸಿ. ಮತ್ತೆ ಲೈನ್ ಕೊಡೋರಿಗೆ ಸರ್ಕಾರದ ಲೈಸೆನ್ಸ್ ಇದೆಯಾ ಅಂತ ನೋಡಿ. ನಿಮ್ಮ ರೂಮಲ್ಲಿ ಒಂದು ಡಬ್ಬಿ ಇಡ್ತೀವಿ, ಒಂದಷ್ಟು ಸಿಮ್ ಹಾಕ್ತೀವಿ, ತಿಂಗಳಿಗೆ ಬಾಡಿಗೆ ಕೊಡ್ತೀವಿ ಅಂತ ಯಾರಾದ್ರೂ ಬಂದ್ರೆ ಒಳಗೇ ಬಿಡಬೇಡಿ, ಅದು ಸಿಮ್ ಬಾಕ್ಸ್, ಹೊರದೇಶದ ಇಂಟರ್ನೆಟ್ ಕಾಲನ್ನ ಲೋಕಲ್ ಕಾಲಿನ ಹಾಗೆ ತಿರುಗಿಸೋ ಕಳ್ಳ ಎಕ್ಸ್‌ಚೇಂಜು, ಪೊಲೀಸ್ ಬರೋದು ನಿಮ್ಮ ಬಾಗಿಲಿಗೇ.

ಫ್ಯಾಕ್ಸ್ ಇನ್ನೂ ಬಳಸೋ ಆಫೀಸಿನವರು ಹುಷಾರು. ಫ್ಯಾಕ್ಸಿನ ಕೀರಲು ಸೌಂಡಲ್ಲಿ ಒಂದು ತುಂಡು ಕಳೆದ್ರೂ ಪುಟ ಅರ್ಧಕ್ಕೆ ನಿಲ್ಲುತ್ತೆ, ಅದಕ್ಕೇ ಅಂತ ಟಿ.38 ಅನ್ನೋ ಪದ್ಧತಿ ಇದೆ, ಕಂಪನಿ ಕೊಡುತ್ತಾ ಕೇಳಿ. ಲಿಫ್ಟ್ ಒಳಗಿನ ಫೋನು, ಕಳ್ಳರ ಅಲಾರಂ, ಫೋನ್ ಲೈನಿಗೆ ಸಿಗ್ಸಿರೋ ಹಳೇ ಕಾರ್ಡ್ ಉಜ್ಜೋ ಮೆಷಿನ್ನು ಇವೆಲ್ಲ ಯಾವ ಲೈನಲ್ಲಿದೆ ಅಂತ ಪಟ್ಟಿ ಮಾಡ್ಕೊಂಡೇ ತಾಮ್ರ ತೆಗೆಸಿ. ಲಿಫ್ಟ್ ಫೋನ್ ಸತ್ತಿರೋದು ಯಾರಾದ್ರೂ ಒಳಗೆ ಸಿಕ್ಕಿಹಾಕ್ಕೊಂಡಾಗಲೇ ಗೊತ್ತಾಗೋದು.

ಹಾಗಾದ್ರೆ ಯಾರು ಏನು ತಗೋಬೇಕು

ಬೆಂಗಳೂರಲ್ಲಿ ಒಳ್ಳೆ ಸಿಗ್ನಲ್ ಇರೋ ಫ್ಲಾಟು, ಮನೇಲಿ ಎಲ್ಲರ ಹತ್ರ ಮೊಬೈಲು, ಜನರೇಟರ್ ಬ್ಯಾಕಪ್ಪು ಇದ್ರೆ ಮೊಬೈಲೊಂದೇ ಸಾಕು, ಫೈಬರ್ ಪ್ಲಾನ್ ಜೊತೆ ಲ್ಯಾಂಡ್‌ಲೈನ್ ಬಂದ್ರೆ ಬರ್ಲಿ, ಅದಕ್ಕೇ ಅಂತ ದುಡ್ಡು ಹಾಕ್ಬೇಡಿ. ಮನೇಲಿ ಶಾಲೆಯಿಂದ ಬಂದು ಒಂಟಿಯಾಗಿರೋ ಮಕ್ಕಳಿದ್ರೆ ಮಾತ್ರ ಆ ಪಿನ್ನಿಗೊಂದು ಫೋನ್ ಸಿಗ್ಸಿಡಿ, ಮಕ್ಕಳ ಕೈಗೆ ಮೊಬೈಲ್ ಕೊಡದೇನೇ ಮಾತಾಡಬಹುದು.

ಊರಲ್ಲಿ ವಯಸ್ಸಾದವರಿಬ್ರೇ ಇರೋ ಮನೆಗೆ ತಾಮ್ರ ಇದ್ರೆ ಇಟ್ಕೊಂಡು ಫೈಬರ್ ಸೇರಿಸಿ, ತಾಮ್ರ ಸತ್ತಿದ್ರೆ ಫೈಬರ್ ಫೋನ್ ಜೊತೆಗೆ ಇನ್ವರ್ಟರ್, ಮತ್ತೆ ಮನೆ ಹೊರಗಾದ್ರೂ ಸಿಗ್ನಲ್ ಸಿಗೋ ಕಂಪನಿಯ ಸಿಮ್ ಹಾಕಿರೋ ಒಂದು ಕೀಪ್ಯಾಡ್ ಮೊಬೈಲು, ಅದರ ಚಾರ್ಜ್ ಸುಮಾರು ದಿನ ನಿಲ್ಲುತ್ತೆ. ಫೈಬರ್ ಲೈನೂ ಆ ಸಿಮ್ಮೂ ಬೇರೆ ಬೇರೆ ಕಂಪನಿದಿರ್ಲಿ, ಒಂದು ಬಿದ್ರೆ ಇನ್ನೊಂದು ಇರುತ್ತೆ.

ಬದಲಾಯಿಸೋ ದಿನ ಅವಸರ ಮಾಡ್ಬೇಡಿ. ಹೊಸ ಲೈನ್ ಬಂದ್ಮೇಲೂ ಹಳೇದನ್ನ ಕನಿಷ್ಠ ಒಂದು ತಿಂಗಳು ಜೊತೆಗೇ ಇಟ್ಕೊಳ್ಳಿ. ಮೇನ್ ಸ್ವಿಚ್ ಆಫ್ ಮಾಡಿ ಹೊಸ ಫೋನಿಂದ ಕಾಲ್ ಹೋಗುತ್ತಾ, ಹೊರಗಿಂದ ಬರುತ್ತಾ, ಎಷ್ಟು ಹೊತ್ತು ಇರುತ್ತೆ ಅಂತ ನೋಡಿ, 112ಕ್ಕೆ ಮಾಡಿ ಪರೀಕ್ಷೆ ಮಾಡ್ಬೇಡಿ, ನಿಮ್ಮ ಮೊಬೈಲಿಗೇ ಮಾಡಿ ನೋಡಿ. ಲೈನ್ ಯಾರ ಹೆಸರಲ್ಲಿದೆ, ವಿಳಾಸ ಸರಿ ಇದೆಯಾ ಅಂತ ಬಿಲ್ಲಲ್ಲಿ ನೋಡಿ, ಎಷ್ಟೋ ಮನೇಲಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತೆ, ಅದನ್ನ ಮೊದಲು ಬದಲಾಯಿಸ್ಕೊಂಡ್ರೆ ಆಮೇಲಿನ ಎಲ್ಲಾ ಅರ್ಜಿ ಸಲೀಸು. ಬ್ಯಾಂಕು, ಗ್ಯಾಸ್ ಏಜೆನ್ಸಿ, ಸೊಸೈಟಿ, ಡಾಕ್ಟ್ರ ಹತ್ರ ಹಳೇ ನಂಬರ್ ಕೊಟ್ಟಿದ್ರೆ ತಿದ್ದಿಸಿ. ಕೊನೆಗೆ ಹಳೇ ಲೈನ್ ಬಿಡುವಾಗ ಬರವಣಿಗೇಲಿ ಅರ್ಜಿ ಕೊಟ್ಟು ಸೀಲ್ ಹಾಕ್ಸ್ಕೊಂಡ ಪ್ರತಿ ಇಟ್ಕೊಳ್ಳಿ, ಕಂಪನಿಯವರ ಫೋನ್ ಸೆಟ್ ವಾಪಸ್ ಕೊಟ್ಟು, ಲೈನ್ ಹಾಕ್ಸಿದಾಗ ಕಟ್ಟಿದ್ದ ಡಿಪಾಸಿಟ್ಟನ್ನ ವಾಪಸ್ ಕೇಳಿ ತಗೊಳ್ಳಿ.